ಕೈಮಾ ಉಂಡೆ ಮತ್ತು ಟೊಮೆಟೊ ಗೊಜ್ಜು: ಓವನ್ನೋ, ಬಾಣಲೆಯೋ, ಕೆಂಡವೋ?

ನಮ್ಮ ಮಲೆನಾಡಿನ ಕಡೆ ಕೈಮಾ ಉಂಡೆ ಅಂದರೆ ಸಾರು. ಹುರಿಗಡಲೆ ಪುಡಿ, ಕಾಯಿತುರಿ, ಮಸಾಲೆ ಸೇರಿಸಿ ಕಟ್ಟಿದ ಉಂಡೆಗಳನ್ನು ಕುದಿಯುವ ಸಾರಿಗೆ ಒಂದೊಂದಾಗಿ ಬಿಡುತ್ತಾರೆ. ಪಕ್ಕದಲ್ಲಿ ಬಿಸಿ ಕಡುಬು. ಇಲ್ಲಿ ಹೇಳಹೊರಟಿರುವುದು ಅದರ ದೂರದ ನೆಂಟನ ವಿಷಯ. ಇಟಲಿಯವರು ‘ಪೊಲ್ಪೆತ್ತೆ’ ಅಂತ ಕರೆಯುವ ಉಂಡೆ ಇದು. ಬೇಕ್ ಮಾಡಿ ಅಥವಾ ಹುರಿದು ಟೊಮೆಟೊದಲ್ಲಿ ನೆನೆಸುತ್ತಾರೆ. ಸ್ಪಗೆಟಿಯ ಮೇಲೆ ದೊಡ್ಡ ಉಂಡೆ ಕೂರಿಸುವ ಚಿತ್ರ ನೋಡಿರುತ್ತೀರಲ್ಲ, ಅದು ಅಮೆರಿಕಕ್ಕೆ ವಲಸೆ ಹೋದ ಇಟಲಿಯವರು ರೂಢಿಗೆ ತಂದದ್ದು. ಇಟಲಿಯ ಮನೆಗಳಲ್ಲಿ ಉಂಡೆಯನ್ನು ಹೆಚ್ಚಾಗಿ ಬೇರೆಯಾಗಿಯೇ ಬಡಿಸುತ್ತಾರೆ.

ಟೊಮೆಟೊ ಸಾಸ್ ಅಂದರೆ ನಮಗೆ ಬಾಟಲಿಯ ಸಿಹಿ ಸಾಸ್ ನೆನಪಾಗುತ್ತದೆ. ಇದಕ್ಕೆ ಅದು ಆಗುವುದಿಲ್ಲ. ಹಾಗಾಗಿ ನಾನು ಇದನ್ನು ಗೊಜ್ಜು ಅಂತಲೇ ಕರೆಯುತ್ತೇನೆ.

ಈ ಅಡುಗೆಯ ಬಗ್ಗೆ ನನ್ನನ್ನು ಹೆಚ್ಚು ಜನ ಕೇಳುವ ಪ್ರಶ್ನೆ ಒಂದೇ: ‘ನಮ್ಮನೇಲಿ ಓವನ್ ಇಲ್ಲ, ಆಗುತ್ತಾ?’ ಖಂಡಿತ ಆಗುತ್ತದೆ. ಉಂಡೆ ಮೆತ್ತಗೆ ಬರುತ್ತದೋ ಗಟ್ಟಿಯಾಗುತ್ತದೋ ಎನ್ನುವುದು ಒಲೆಯ ಹತ್ತಿರ ಹೋಗುವ ಮೊದಲೇ, ಕಲಸುವ ಪಾತ್ರೆಯಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಓವನ್ ಆಮೇಲಿನ ಮಾತು. ಅದಕ್ಕೇ ಮಾಂಸದಿಂದ ಶುರು ಮಾಡುತ್ತೇನೆ.

ಯಾವ ಮಾಂಸ?

ಇಟಲಿಯ ಕಡೆ ದನದ ಮಾಂಸಕ್ಕೆ ಹಂದಿ ಮಾಂಸ ಬೆರೆಸುವುದು ರೂಢಿ. ಹಂದಿಯ ಕೊಬ್ಬು ಉಂಡೆ ಒಣಗದಂತೆ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಮಟನ್ ಅಂದರೆ ಬಹುಪಾಲು ಆಡಿನ ಮಾಂಸ. ರುಚಿಯಲ್ಲಿ ಅದಕ್ಕೆ ಸಾಟಿ ಇಲ್ಲ, ಆದರೆ ಕೊಬ್ಬು ತೀರಾ ಕಡಿಮೆ. ಬರೀ ತೊಡೆಯ ಮಾಂಸದ ಕೈಮಾ ತಂದು ಬೇಕ್ ಮಾಡಿದರೆ ಒಣಗಿ ಬಿಗಿದುಕೊಳ್ಳುತ್ತದೆ. ಅಂಗಡಿಯಲ್ಲೇ ಹೇಳಿಬಿಡಿ: ‘ಅರ್ಧ ಕೆಜಿಗೆ ಎಪ್ಪತ್ತು ಎಂಬತ್ತು ಗ್ರಾಂ ನೆಣ ಸೇರಿಸಿ ಕೈಮಾ ಹೊಡೀರಿ.’ ಭಾನುವಾರ ಬೆಳಿಗ್ಗೆ ಜನ ಸಾಲುಗಟ್ಟಿ ನಿಂತಾಗ ಈ ಮಾತು ಹೇಳಲು ಸಂಕೋಚವಾಗಬಹುದು. ಸ್ವಲ್ಪ ಬೇಗ ಹೋಗಿ. ಮಷಿನ್ ಕೈಮಾ ಆದರೆ ಎರಡು ಸಲ ಹಾಕಿಸಿ. ಕತ್ತಿಯಲ್ಲಿ ಕೊಚ್ಚಿದ ಕೈಮಾ ಸಾರಿಗೆ ಚೆಂದ. ಬೇಕ್ ಮಾಡುವ ಉಂಡೆಯಲ್ಲಿ ಮಾತ್ರ ಅದರ ದಪ್ಪ ತುಣುಕುಗಳು ಬಿಟ್ಟುಕೊಂಡು ಉದುರುತ್ತವೆ.

ಕೋಳಿ ಅಗ್ಗ, ಬೇಗ ಬೇಯುತ್ತದೆ, ಮಕ್ಕಳಿಗೂ ಇಷ್ಟ. ಅಂಗಡಿಯವರು ಸಾಮಾನ್ಯವಾಗಿ ಎದೆ ಭಾಗವನ್ನೇ ಕೈಮಾ ಮಾಡಿ ಕೊಡುತ್ತಾರೆ. ಅದರಲ್ಲಿ ಕೊಬ್ಬೇ ಇರುವುದಿಲ್ಲ. ಕಾಲಿನ ಮಾಂಸ ಬಿಡಿಸಿ ಕೊಡಿ ಅಂತ ಕೇಳಿ. ಹಂದಿ ತಿನ್ನುವ ಮನೆಯವರ ಕೆಲಸ ಸುಲಭ. ಭುಜದ ಭಾಗ ತಂದರೆ ಕೊಬ್ಬು ಬೇಕಾದಷ್ಟು ಇರುತ್ತದೆ, ಬೇರೆ ಏನೂ ಸೇರಿಸಬೇಕಿಲ್ಲ. ಅರ್ಧ ಮಟನ್ ಅರ್ಧ ಹಂದಿ ಹಾಕಿದರಂತೂ ಇನ್ನೂ ಚೆನ್ನ. ಮಟನ್ನಿನ ಘಮ, ಹಂದಿಯ ಮೆದು ಎರಡೂ ಸಿಗುತ್ತವೆ.

ಮಾಂಸ ತಿನ್ನದವರು ಎಳೆ ಹಲಸಿನಕಾಯಿ ಬೇಯಿಸಿ ಜಜ್ಜಿ ಉಂಡೆ ಕಟ್ಟಬಹುದು. ಅದರ ಲೆಕ್ಕವೇ ಬೇರೆ, ಇಲ್ಲಿ ಬೇಡ.

ಬ್ರೆಡ್ಡೋ, ಹುರಿಗಡಲೆಯೋ, ಅವಲಕ್ಕಿಯೋ?

ಇಡೀ ಅಡುಗೆಯಲ್ಲಿ ನನಗೆ ಅತಿ ಮುಖ್ಯ ಅನಿಸುವ ಆಯ್ಕೆ ಇದು.

ಮೊದಲ ಸಲ ಮಾಡಿದಾಗ ಕೋಳಿಯ ಎದೆ ಮಾಂಸದ ಕೈಮಾ ತಂದಿದ್ದೆ. ಹುರಿಗಡಲೆ ಪುಡಿ ಧಾರಾಳ ಹಾಕಿದೆ. ಉಂಡೆ ಒಡೆಯಬಾರದು ಅಂತ ಹತ್ತು ನಿಮಿಷ ಚೆನ್ನಾಗಿ ನಾದಿದೆ. ಅರ್ಧ ಗಂಟೆ ಬೇಕ್ ಮಾಡಿದೆ. ಬಣ್ಣವೇನೋ ಚೆನ್ನಾಗಿತ್ತು. ಚಮಚದಲ್ಲಿ ಒತ್ತಿದರೆ ಮಾತ್ರ ಉಂಡೆ ಮುರಿಯಲಿಲ್ಲ, ತಟ್ಟೆಯ ಆಚೆ ಜಾರಿತು. ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಯವರು ಒಂದು ತುಂಡು ತಿಂದು, ‘ಚಪಾತಿ ಹಿಟ್ಟು ನಾದಿದ ಹಾಗೆ ನಾದಿದ್ಯಲ್ಲ ಮಾರಾಯ್ತಿ, ಮಾಂಸಕ್ಕೆ ಅಷ್ಟು ಕೈ ಹಾಕಬಾರದು’ ಅಂದರು. ಅವರು ಹೇಳಿದ್ದು ಪೂರ್ತಿ ಸರಿ. ಉಪ್ಪು ಬಿದ್ದ ಮಾಂಸವನ್ನು ನಾದಿದಷ್ಟೂ ಅದರ ಪ್ರೋಟೀನ್ ಅಂಟಂಟಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಬೆಂದಾಗ ರಬ್ಬರಿನ ಹಾಗೆ ಪುಟಿಯುತ್ತದೆ. ಸಾಸೇಜಿಗೆ ಆ ಗುಣ ಬೇಕು, ಉಂಡೆಗೆ ಬೇಡ.

ಹುರಿಗಡಲೆ ಪುಡಿಯ ಸ್ವಭಾವ ನೋಡಿ. ಅದು ಒಣಗಿದ ವಸ್ತು. ಮಾಂಸದ ನೀರನ್ನು ತಾನೇ ಹೀರಿಕೊಂಡು ಉಂಡೆಯನ್ನು ಬಿಗಿ ಮಾಡುತ್ತದೆ. ಕುದಿಯುವ ಸಾರಿನಲ್ಲಿ ಮುಳುಗಿ ಒಡೆಯದೆ ಇರಬೇಕಾದ ಉಂಡೆಗೆ ಆ ಬಿಗಿ ಬೇಕೇ ಬೇಕು. ಸುತ್ತ ಸಾರು ಇರುವುದರಿಂದ ಒಣಗುವ ಭಯವೂ ಇಲ್ಲ. ಓವನ್ನಿನ ಒಣ ಬಿಸಿಯಲ್ಲಿ ಅದೇ ಗುಣ ತೊಂದರೆ ಕೊಡುತ್ತದೆ.

ಹಾಲಿನಲ್ಲಿ ನೆನೆದ ಬ್ರೆಡ್ಡಿನ ಸ್ವಭಾವ ಉಲ್ಟಾ. ಅದು ಮೊದಲೇ ನೀರು ಕುಡಿದು ಬಂದಿರುತ್ತದೆ. ಮಾಂಸದ ಮಧ್ಯೆ ಮಧ್ಯೆ ಕೂತು ಪ್ರೋಟೀನ್ ಬಿಗಿಯಾಗಿ ಹೆಣೆದುಕೊಳ್ಳದಂತೆ ತಡೆಯುತ್ತದೆ. ಬೇಯುವಾಗ ಹೊರಬರುವ ರಸವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಕೆಜಿ ಕೈಮಾಕ್ಕೆ ಎರಡು ಸ್ಲೈಸ್ ಬ್ರೆಡ್, ಕಾಲು ಕಪ್ ಹಾಲು ಸಾಕು. ಹತ್ತು ನಿಮಿಷ ನೆನೆಸಿ ಬೆರಳಲ್ಲಿ ಹಿಸುಕಿದರೆ ಗಂಜಿಯ ಹಾಗೆ ಆಗಬೇಕು. ಒಣ ಬ್ರೆಡ್ ಪುಡಿಯನ್ನು ನೇರವಾಗಿ ಹಾಕಬೇಡಿ, ಅದೂ ಹುರಿಗಡಲೆಯ ಕೆಲಸವನ್ನೇ ಮಾಡುತ್ತದೆ. ಮಾಂಸಕ್ಕೆ ಹಾಲು ಸೇರಿಸುವುದು ನಿಮ್ಮ ಮನೆಯಲ್ಲಿ ಬೇಡ ಅಂದರೆ ನೀರು ಹಾಕಿ. ಅಷ್ಟೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬ್ರೆಡ್ ಇಲ್ಲದ ದಿನ ತೆಳು ಅವಲಕ್ಕಿ ಬಳಸಿ. ಒಂದು ಹಿಡಿ ಅವಲಕ್ಕಿಯನ್ನು ನೆನೆಸಿ ಹಿಸುಕಿದರೆ ಬ್ರೆಡ್ಡಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಈಗ ನಮ್ಮ ಮನೆಯಲ್ಲಿ ಹೆಚ್ಚಾಗಿ ಅದನ್ನೇ ಹಾಕುತ್ತೇನೆ. ಹಳ್ಳಿ ಅಂಗಡಿಯಲ್ಲಿ ಬ್ರೆಡ್ ಸಿಕ್ಕರೂ ಅದು ತುಂಬಾ ಸಿಹಿ ಇರುತ್ತದೆ. ಅವಲಕ್ಕಿಗೆ ಆ ತಕರಾರು ಇಲ್ಲ.

ಕಲಸುವ ಕ್ರಮ ಹೀಗೆ. ಹಿಸುಕಿದ ಬ್ರೆಡ್ ಅಥವಾ ಅವಲಕ್ಕಿ, ಒಂದು ಮೊಟ್ಟೆ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಮುಕ್ಕಾಲು ಚಮಚ ಕಾಳುಮೆಣಸಿನ ಪುಡಿ, ಒಂದು ಟೀ ಚಮಚ ತುಂಬ ಉಪ್ಪು. ಇಷ್ಟನ್ನು ಮೊದಲು ಚೆನ್ನಾಗಿ ಬೆರೆಸಿ. ಮನೆಯ ಮರದ ಜಾಯಿಕಾಯಿ ಇದ್ದರೆ ಒಂದು ಚಿಟಿಕೆ ತುರಿದು ಹಾಕಿ, ಇಟಲಿಯವರೂ ಹಾಕುತ್ತಾರೆ. ಕೊನೆಗೆ ಕೈಮಾ ಸೇರಿಸಿ ಬೆರಳ ತುದಿಯಲ್ಲಿ ಒಂದೇ ನಿಮಿಷ ಕಲಸಿ. ಅಲ್ಲಿಗೆ ನಿಲ್ಲಿಸಿ. ಮಿಶ್ರಣ ಸ್ವಲ್ಪ ಸಡಿಲ ಇರಬೇಕು, ಅಂಗೈಗೆ ಎಣ್ಣೆ ಸವರಿಕೊಂಡರೆ ಮಾತ್ರ ಉಂಡೆ ಕಟ್ಟಲು ಬರುವಷ್ಟು. ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ 20–22 ಉಂಡೆ ಆಗುತ್ತವೆ. ಎಲ್ಲ ಕಟ್ಟುವ ಮೊದಲು ಗೋಲಿಯಷ್ಟು ತೆಗೆದು ಕಾವಲಿಯ ಮೇಲೆ ಬೇಯಿಸಿ ಉಪ್ಪು ನೋಡಿ. ಹಸಿ ಕೈಮಾವನ್ನು ನಾಲಗೆಗೆ ಹಚ್ಚಿ ನೋಡಬೇಡಿ.

ಬೇಸಿಗೆಯಲ್ಲಿ ಕಟ್ಟಿದ ಉಂಡೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಕೊಬ್ಬು ಕರಗಿ ಜಾರುವುದಿಲ್ಲ. ಆಷಾಢದಲ್ಲಿ ನಮ್ಮ ಅಡುಗೆಮನೆಯೇ ಫ್ರಿಜ್ಜಿನ ಹಾಗೆ ಇರುತ್ತದೆ, ಆಗ ಬೇಕಿಲ್ಲ.

ಯಾವುದರಲ್ಲಿ ಬೇಯಿಸುವುದು?

ನಿಮ್ಮ ಮನೆಯಲ್ಲಿ ಇರುವುದು ಯಾವ ಓವನ್ ಅಂತ ಮೊದಲು ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಓವನ್ ಅಂತ ಕರೆಯುವುದು ಬರೀ ಬಿಸಿ ಮಾಡುವ ಮೈಕ್ರೋವೇವನ್ನು. ಅದರಲ್ಲಿ ಉಂಡೆ ಬೇಯುತ್ತದೆ, ಕೆಂಪಗಾಗುವುದಿಲ್ಲ. ಬಿಸಿ ಗಾಳಿ ಆಡಿಸುವ ಕನ್ವೆಕ್ಷನ್ ಇರುವ ಮೈಕ್ರೋವೇವ್ ಅಥವಾ ಓಟಿಜಿ (ಬೇಕ್, ಟೋಸ್ಟ್, ಗ್ರಿಲ್ ಮಾಡುವ ಕರೆಂಟಿನ ಓವನ್) ಆಗಬೇಕು.

ಓಟಿಜಿಯ ದೊಡ್ಡ ಅನುಕೂಲ ಅಂದರೆ ಎಲ್ಲ ಉಂಡೆ ಒಂದೇ ಸಲ ಆಗುತ್ತದೆ. 210 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಬಿಸಿ ಮಾಡಿ. ಟ್ರೇಗೆ ಎಣ್ಣೆ ಸವರಿ, ಉಂಡೆಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡಿ. ತಾಗಿದರೆ ನೀರು ಬಿಟ್ಟುಕೊಂಡು ಬೆಂದ ಹಾಗಾಗುತ್ತದೆ, ಕೆಂಪಗಾಗುವುದಿಲ್ಲ. ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಮೇಲೆ ಕಂದು ಬಣ್ಣ ಬಂದಿರಬೇಕು, ಒಳಗೆ ಇನ್ನೂ ಪೂರ್ತಿ ಬೆಂದಿರಬಾರದು. ಉಳಿದದ್ದು ಗೊಜ್ಜಿನಲ್ಲಿ ಬೇಯುತ್ತದೆ. ಟ್ರೇ ತಳದಲ್ಲಿ ಕಂದು ಪದರ ಹಿಡಿದಿರುತ್ತದೆ, ಅದನ್ನು ತೊಳೆದು ಚೆಲ್ಲಬೇಡಿ. ಕಾಲು ಕಪ್ ಬಿಸಿ ನೀರು ಸುರಿದು ಮರದ ಸೌಟಿನಲ್ಲಿ ಕೆರೆದರೆ ಅದು ಬಿಟ್ಟುಕೊಂಡು ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆ ನೀರು ಗೊಜ್ಜಿಗೆ ಬಿದ್ದಾಗ ಬರುವ ರುಚಿ ಬೇರೆ ಯಾವ ಮಸಾಲೆಯಿಂದಲೂ ಬರುವುದಿಲ್ಲ.

ತೊಂದರೆ ಕರೆಂಟಿನದು. ಓಟಿಜಿಗೆ ಗಾತ್ರ ನೋಡಿಕೊಂಡು 1200ರಿಂದ 2000 ವ್ಯಾಟ್ ಬೇಕು. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಶಿವಮೊಗ್ಗ ಪೇಟೆಯೊಳಗೆ ಹೇಗೋ ನಡೆಯುತ್ತದೆ. ಹೊಸನಗರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಇದ್ದಾಗಲೂ ವೋಲ್ಟೇಜ್ ಕಡಿಮೆಯಾದರೆ ಓವನ್ ಹೇಳಿದ ಬಿಸಿಗೆ ಏರುವುದಿಲ್ಲ. ಉಂಡೆ ಬಿಳಿಚಿಕೊಂಡು ನೀರು ಬಿಡುತ್ತಾ ಕೂರುತ್ತದೆ. ಮಳೆಗಾಲದಲ್ಲಿ ನೆಂಟರನ್ನು ಕರೆದಿದ್ದರೆ ಓವನ್ ಒಂದನ್ನೇ ನಂಬಬೇಡಿ.

ಬಾಣಲೆಯಲ್ಲಿ ಹುರಿಯುವುದು ಎರಡನೆಯ ದಾರಿ. ಬಣ್ಣ, ರುಚಿಯ ಲೆಕ್ಕದಲ್ಲಿ ಇದು ಓವನ್ನಿಗಿಂತ ಒಂದು ಕೈ ಮೇಲು ಅಂತಲೇ ನನ್ನ ಅಭಿಪ್ರಾಯ. ಬೀಡಿನ ಕಾವಲಿ ಕಾದಿದ್ದರೆ ಎರಡೇ ನಿಮಿಷದಲ್ಲಿ ತಳ ಕಂದು ಬಣ್ಣಕ್ಕೆ ಬರುತ್ತದೆ. ಆದರೆ ಒಂದು ಸಲಕ್ಕೆ ಎಂಟು ಹತ್ತೇ ಉಂಡೆ ಆಗುವುದು. ಎಣ್ಣೆ ಜಾಸ್ತಿ ಬೇಕು, ಪಕ್ಕದಲ್ಲೇ ನಿಂತು ತಿರುಗಿಸಬೇಕು. ಮಿಶ್ರಣ ಸಡಿಲ ಇದ್ದರೆ ತಿರುಗಿಸುವಾಗ ಒಡೆಯುತ್ತದೆ. ಒಡೆಯಬಾರದು ಅಂತ ಬಿಗಿ ಮಾಡಿದರೆ ಮೆದು ಹೋಗುತ್ತದೆ. ನಾಲ್ಕು ಜನಕ್ಕೆ ಬಾಣಲೆ ಸರಿ, ಹತ್ತು ಜನಕ್ಕೆ ಓವನ್ ಸರಿ. ಕಬ್ಬಿಣದ ಕಾವಲಿಯಲ್ಲಿ ಹುರಿದರೂ ಟೊಮೆಟೊವನ್ನು ಅದಕ್ಕೇ ಸುರಿಯಬೇಡಿ, ಹುಳಿಗೆ ಕಬ್ಬಿಣ ಬಿಟ್ಟುಕೊಂಡು ಲೋಹದ ರುಚಿ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಇರಲಿ.

ಮೂರನೆಯದು, ಹಸಿ ಉಂಡೆಯನ್ನೇ ಕುದಿಯುವ ಗೊಜ್ಜಿಗೆ ಬಿಡುವುದು. ನಮ್ಮ ಉಂಡೆ ಸಾರಿನ ಕ್ರಮವೇ. ಎಲ್ಲಕ್ಕಿಂತ ಮೆತ್ತಗೆ ಬರುವುದು ಇದರಲ್ಲೇ. ಸಣ್ಣ ಉರಿ ಇರಲಿ, ಮೊದಲ ಹತ್ತು ನಿಮಿಷ ಸೌಟು ಹಾಕಬೇಡಿ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಂದು ರುಚಿ ಸಿಗುವುದಿಲ್ಲ, ಅದೊಂದೇ ಕೊರತೆ. ಮನೆಯಲ್ಲಿ ಹಲ್ಲಿನ ತೊಂದರೆ ಇರುವ ಹಿರಿಯರಿದ್ದರೆ, ಸಣ್ಣ ಮಕ್ಕಳಿದ್ದರೆ ಬೇರೆ ಯೋಚನೆ ಮಾಡದೆ ಇದನ್ನೇ ಆರಿಸಿ.

ಇನ್ನು ಕೆಂಡ. ಸೌದೆ ಒಲೆ ಇನ್ನೂ ಉರಿಯುವ ಮನೆಯವರಿಗೆ ಇದು. ದಪ್ಪ ತಳದ ಅಗಲ ಪಾತ್ರೆಗೆ ಎಣ್ಣೆ ಸವರಿ ಉಂಡೆಗಳನ್ನು ಒಂದೇ ಪದರದಲ್ಲಿ ಇಡಬೇಕು. ಮೇಲೆ ಚಪ್ಪಟೆ ತಟ್ಟೆ ಮುಚ್ಚಬೇಕು. ಒಲೆಯಿಂದ ಉರಿ ಎಳೆದು ತಳಕ್ಕೆ ಒಂದು ಪಾಲು ಕೆಂಡ ಬಿಟ್ಟು, ತಟ್ಟೆಯ ಮೇಲೆ ಎರಡು ಪಾಲು ಕೆಂಡ ಹರಡಬೇಕು. ಅತ್ತೆಯವರ ಮನೆಯಲ್ಲಿ ಕಳೆದ ಶ್ರಾವಣಕ್ಕೆ ಮುಂಚೆ ಎರಡು ದಿನ ಕರೆಂಟ್ ಇರಲಿಲ್ಲ, ಆಗ ಹೀಗೆ ಮಾಡಿದೆವು. ಇಪ್ಪತ್ತು ನಿಮಿಷಕ್ಕೆ ಅವರು ಬಟ್ಟೆ ಹಿಡಿದು ತಟ್ಟೆಯನ್ನು ವಾಲದಂತೆ ನಿಧಾನ ಎತ್ತಿದರು. ಬೂದಿ ಒಂದು ಕಣವೂ ಒಳಗೆ ಬೀಳಲಿಲ್ಲ. ಉಂಡೆಯ ನೆತ್ತಿ ಕಂದಾಗಿತ್ತು, ಸುತ್ತ ಕೊಬ್ಬು ಚಟಪಟ ಅನ್ನುತ್ತಿತ್ತು, ಹೊಗೆಯ ತೆಳು ಘಮ ಇತ್ತು. ಓವನ್ನಿನಲ್ಲಿ ಆ ಘಮ ಬರಲು ಸಾಧ್ಯವೇ ಇಲ್ಲ. ಕೆಂಡದ ಅಂದಾಜು ಕೈಗೆ ಬರಲು ಎರಡು ಮೂರು ಸಲ ಮಾಡಬೇಕಾಗುತ್ತದೆ, ಅಷ್ಟೇ.

ಏರ್ ಫ್ರೈಯರ್ ಇದ್ದರೆ 180 ಡಿಗ್ರಿ, ಹತ್ತು ನಿಮಿಷ. ಹೊರಪದರ ಬೇಗ ಒಣಗುತ್ತದೆ, ಹಾಗಾಗಿ ಎಣ್ಣೆ ಸವರಿಯೇ ಇಡಿ. ಕುಕ್ಕರಿಗೆ ಉಪ್ಪು ಹಾಸಿ ಓವನ್ ಮಾಡುವ ಉಪಾಯ ಕೇಕಿಗೆ ನಡೆಯುತ್ತದೆ, ಉಂಡೆಗೆ ಮೇಲಿನಿಂದ ಬಿಸಿ ಸಾಲದು.

ಯಾವುದರಲ್ಲಿ ಮಾಡಿದರೂ ಕೊನೆಗೆ ಒಳಗೆ ಬೆಂದಿರಲೇಬೇಕು. ಮಟನ್, ಹಂದಿ ಆದರೆ ಉಂಡೆಯ ನಡುವೆ 71 ಡಿಗ್ರಿ, ಕೋಳಿ ಆದರೆ 74 ಡಿಗ್ರಿ ಮುಟ್ಟಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಈಗ ದುಬಾರಿಯೇನಲ್ಲ. ಅದಿಲ್ಲದಿದ್ದರೆ ಎಲ್ಲಕ್ಕಿಂತ ದೊಡ್ಡ ಉಂಡೆಯನ್ನು ಮುರಿದು ನೋಡಿ, ಅನುಮಾನ ಬಂದರೆ ಇನ್ನೈದು ನಿಮಿಷ ಬಿಡಿ. ಗೊಜ್ಜಿನೊಳಗೆ ಐದು ನಿಮಿಷ ಹೆಚ್ಚಾದರೆ ಏನೂ ಕೆಡುವುದಿಲ್ಲ.

ಟೊಮೆಟೊ ಯಾವುದು?

ನಾಟಿ ಟೊಮೆಟೊ ಹುಳಿ, ರಸ ಜಾಸ್ತಿ, ಬೀಜವೂ ಜಾಸ್ತಿ. ಉದ್ದುದ್ದ ಇರುವ ಹೈಬ್ರಿಡ್ ಟೊಮೆಟೊದಲ್ಲಿ ತಿರುಳು ದಪ್ಪ, ಹುಳಿ ಕಡಿಮೆ. ಬರೀ ನಾಟಿ ಹಾಕಿದರೆ ಗೊಜ್ಜು ಸಾರಿನ ಹಾಗೆ ತೆಳುವಾಗುತ್ತದೆ. ಬರೀ ಹೈಬ್ರಿಡ್ ಆದರೆ ಗಟ್ಟಿ ಬರುತ್ತದೆ, ರುಚಿ ಸಪ್ಪೆ. ಅರ್ಧ ಅರ್ಧ ತನ್ನಿ, ಒಟ್ಟು ಒಂದು ಕೆಜಿ. ಪೂರ್ತಿ ಹಣ್ಣಾಗಿರಬೇಕು, ಒತ್ತಿದರೆ ಬೆರಳು ತಗ್ಗಬೇಕು. ಎರಡು ಹೋಳು ಮಾಡಿ ಕತ್ತರಿಸಿದ ಕಡೆಯನ್ನು ತುರಿಯುವ ಮಣೆಗೆ ಉಜ್ಜಿದರೆ ತಿರುಳೆಲ್ಲ ಕೆಳಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬಿಸಿ ನೀರಿಗೆ ಹಾಕಿ ಸಿಪ್ಪೆ ಸುಲಿಯುವ ರಗಳೆ ಇಲ್ಲ. ಮಿಕ್ಸಿಗೆ ಹಾಕಬೇಡಿ, ಗಾಳಿ ಸೇರಿ ಬಣ್ಣ ಗುಲಾಬಿಯಾಗುತ್ತದೆ.

ಪ್ಯಾಕೆಟ್ ಪ್ಯೂರಿ ಕೀಳು ಅಂತ ನಾನು ಹೇಳುವುದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಅದೇ ಕೈ ಹಿಡಿದದ್ದು. ಮಳೆಗಾಲದಲ್ಲಿ ಹಸಿರು ಕಾಯಿ ಬರುವಾಗಲೂ ಅದೇ ವಾಸಿ. ಅದು ಮೊದಲೇ ಬೆಂದು ಗಟ್ಟಿಯಾಗಿರುತ್ತದೆ. ಸಮ ನೀರು ಸೇರಿಸಿ ಹದಿನೈದು ನಿಮಿಷ ಕುದಿಸಿದರೆ ಸಾಕು. ಪ್ಯಾಕೆಟ್ ಮೇಲೆ ಸಕ್ಕರೆ, ಮಸಾಲೆ ಸೇರಿಸಿದ್ದಾರಾ ಅಂತ ಓದಿಕೊಳ್ಳಿ.

ಗೊಜ್ಜಿಗೆ ಹೆಚ್ಚು ಸಾಮಾನು ಬೇಡ. ಮೂರು ಚಮಚ ಎಣ್ಣೆ, ಆರು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ. ಬೆಳ್ಳುಳ್ಳಿ ಕೆಂಪಗಾಗುವ ಮೊದಲೇ ಟೊಮೆಟೊ ಹಾಕಿ ತೆರೆದ ಪಾತ್ರೆಯಲ್ಲಿ ಮೂವತ್ತೈದು ನಲವತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಎಣ್ಣೆ ಅಂಚಿಗೆ ಬಿಟ್ಟುಕೊಂಡಾಗ ಹದ. ಹುಳಿ ಚುಚ್ಚಿದರೆ ಅರ್ಧ ಚಮಚ ಜೋನಿಬೆಲ್ಲ. ಅರಿಶಿನ, ಗರಂ ಮಸಾಲೆ, ಸಾಂಬಾರ್ ಪುಡಿ ಯಾವುದೂ ಬೇಡ. ಖಾರ ಬೇಕಾದವರು ಎರಡು ಸೂಜಿಮೆಣಸು ಜಜ್ಜಿ ಹಾಕಿ.

ಸೊಪ್ಪಿನ ವಿಷಯದಲ್ಲಿ ಮಲೆನಾಡಿನವರು ಪ್ಯಾಕೆಟ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಿಜ್ಜಾ ಮೇಲೆ ಉದುರಿಸುವ ಒರೆಗಾನೊಗೆ ಘಮ ಕೊಡುವ ಕಾರ್ವಕ್ರಾಲ್ ಎಂಬ ಅಂಶ ನಮ್ಮ ಹಿತ್ತಲ ದೊಡ್ಡಪತ್ರೆಯಲ್ಲೂ ಇದೆ. ಎರಡು ಎಲೆ ಸಣ್ಣಗೆ ಹೆಚ್ಚಿ ಗೊಜ್ಜಿಗೆ ಹಾಕಿ. ನಾಲ್ಕು ಹಾಕಿದರೆ ಕಷಾಯದ ನೆನಪಾಗುತ್ತದೆ, ಎರಡಕ್ಕೇ ನಿಲ್ಲಿಸಿ. ಬೇಸಿಲ್ ಅಂತ ಪೇಟೆಯಲ್ಲಿ ಮಾರುವುದು ನಮ್ಮ ಕಾಮಕಸ್ತೂರಿಯ ಜಾತಿಯದೇ. ಅದರ ಎಲೆಯನ್ನು ಒಲೆ ಆರಿಸಿದ ಮೇಲೆ ಕೈಯಲ್ಲಿ ಹರಿದು ಹಾಕಿ, ಕುದಿಸಿದರೆ ಘಮ ಹೋಗುತ್ತದೆ.

ಕಂದಾದ ಉಂಡೆಗಳ ಮೇಲೆ ಬಿಸಿ ಗೊಜ್ಜು ಸುರಿದು, ಓವನ್ ಇದ್ದರೆ 180 ಡಿಗ್ರಿಯಲ್ಲಿ, ಇಲ್ಲದಿದ್ದರೆ ಒಲೆಯ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ, ಕೋಳಿ ಆದರೆ ಹದಿನೈದು ನಿಮಿಷ, ಮಟನ್ ಆದರೆ ಇಪ್ಪತ್ತೈದು ನಿಮಿಷ ಬಿಡಿ. ಹಸಿ ಉಂಡೆಗೇ ಗೊಜ್ಜು ಸುರಿದು ಒಟ್ಟಿಗೆ ಬೇಕ್ ಮಾಡುವವರೂ ಇದ್ದಾರೆ. ಒಂದು ಪಾತ್ರೆ ತೊಳೆಯುವುದು ಉಳಿಯುತ್ತದೆ. ಆದರೆ ಮಟನ್ನಿನ ಕೊಬ್ಬೆಲ್ಲ ಗೊಜ್ಜಿನ ಮೇಲೆ ತೇಲುತ್ತದೆ, ನನಗೆ ಅದು ಹಿಡಿಸಲಿಲ್ಲ.

ಯಾವುದರ ಜೊತೆ?

ಸ್ಪಗೆಟಿ, ಪಾವ್, ಅನ್ನ, ಅಕ್ಕಿ ರೊಟ್ಟಿ ಎಲ್ಲವನ್ನೂ ಮಾಡಿ ನೋಡಿದ್ದೇನೆ. ಅನ್ನಕ್ಕೆ ಗೊಜ್ಜು ಸ್ವಲ್ಪ ಗಟ್ಟಿ ಅನಿಸುತ್ತದೆ. ಅಕ್ಕಿ ರೊಟ್ಟಿ ಚೆನ್ನ. ನನ್ನ ಆಯ್ಕೆ ಮಾತ್ರ ಒತ್ತು ಶ್ಯಾವಿಗೆ. ಆಗಷ್ಟೇ ಒತ್ತಿದ ಶ್ಯಾವಿಗೆಯ ಎಳೆಗಳ ಮಧ್ಯೆ ಕೆಂಪು ಗೊಜ್ಜು ಇಳಿದುಹೋಗುತ್ತದೆ, ಅಕ್ಕಿಯ ತಣ್ಣನೆ ಸಿಹಿಗೆ ಟೊಮೆಟೊದ ಹುಳಿ ಸರಿಯಾಗಿ ಕೂರುತ್ತದೆ. ಶ್ಯಾವಿಗೆ ಒತ್ತಲು ಇಬ್ಬರು ಬೇಕು. ಹಾಗಾಗಿ ಉಂಡೆಗಳು ಗೊಜ್ಜಿನಲ್ಲಿ ಬೇಯುತ್ತಿರುವಾಗಲೇ ಶ್ಯಾವಿಗೆಗೆ ಒತ್ತುವ ಕಡುಬು ಬೇಯಿಸಿ, ಶ್ಯಾವಿಗೆ ಒರಳನ್ನು ಕೆಳಗಿಳಿಸಿ, ಮನೆಯವರನ್ನು ಕೂಗಿ.

ಉಳಿದರೆ ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಕಟ್ಟಿದ ಹಸಿ ಉಂಡೆಯನ್ನು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಕೂಡಿಡುವ ಯೋಚನೆ ಪೇಟೆಯವರಿಗೆ ಸರಿ, ಮಳೆಗಾಲದ ಮಲೆನಾಡಿಗೆ ಬೇಡ. ಕರೆಂಟ್ ಹೋಗಿ ಕರಗಿ, ಬಂದ ಮೇಲೆ ಮತ್ತೆ ಗಟ್ಟಿಯಾದ ಕೈಮಾ ನೋಡಲು ಮೊದಲಿನ ಹಾಗೇ ಇರುತ್ತದೆ, ಎಷ್ಟು ಹೊತ್ತು ಕರಗಿತ್ತು ಅಂತ ಗೊತ್ತಾಗುವುದಿಲ್ಲ. ಆ ತಿಂಗಳುಗಳಲ್ಲಿ ಅಂದು ತಂದದ್ದನ್ನು ಅಂದೇ ಬೇಯಿಸಿಬಿಡಿ.